ಎರಡು ಸರ್ವರ್, ಒಂದೇ ಕಡತ

ಕಾಲೇಜೊಂದರ ಅಂತರಜಾಲ ತಾಣವನ್ನು ಎರಡು ಸರ್ವರುಗಳು ಹಂಚಿಕೊಂಡು ನಡೆಸುತ್ತಿವೆ ಎನ್ನಿ. ಕಚೇರಿಯವರು ಪರೀಕ್ಷೆಯ ಹೊಸ ವೇಳಾಪಟ್ಟಿಯನ್ನು ಮೊದಲನೆಯ ಸರ್ವರಿಗೆ ಏರಿಸಿದರು. ಅದು ಎರಡನೆಯದಕ್ಕೆ ಹೋಗದಿದ್ದರೆ ಒಂದೇ ಬೆಂಚಿನ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಹೊಸ ಪಟ್ಟಿ, ಇನ್ನೊಬ್ಬನಿಗೆ ಹಳೆಯದು! ಪರೀಕ್ಷೆ ತಪ್ಪಿಸಿಕೊಂಡವನ ತಂದೆತಾಯಿಗೆ ಸರ್ವರಿನ ಕಥೆ ಹೇಳಿ ಸಮಾಧಾನಪಡಿಸಲಾದೀತೆ?

ಗಂಟೆಗೊಮ್ಮೆ ಎಲ್ಲವನ್ನೂ ನಕಲು ಮಾಡಿದರಾಯಿತು ಎನ್ನುವವರುಂಟು. ಒಂದಕ್ಷರ ಬದಲಾದುದಕ್ಕೆ ಸಾವಿರ ಕಡತ ಹೊರುವುದು ದಂಡದ ಕೆಲಸ. ಇದಕ್ಕೆ ಜಾಣ ಉಪಾಯ ಹುಡುಕಿದವರು ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್. 1996ರಲ್ಲಿ ಅವರು ಹೊರತಂದ 'ಆರ್‌ಸಿಂಕ್' ಎಂಬ ತಂತ್ರಾಂಶ ಇಂದಿಗೂ ಬಳಕೆಯಲ್ಲಿದೆ.

ಅದರ ಯುಕ್ತಿ ಹೀಗೆ. ಹಳೆಯ ಪ್ರತಿ ಇರುವ ಸರ್ವರು ಆ ಕಡತವನ್ನು ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿಗೂ ತಾಳೆ ನೋಡುವ ಸಂಖ್ಯೆಗಳನ್ನು ಲೆಕ್ಕಹಾಕಿ ಕಳುಹಿಸುತ್ತದೆ. ಹೊಸ ಪ್ರತಿ ಇರುವ ಸರ್ವರು ಆ ಸಂಖ್ಯೆಗಳು ತನ್ನ ಕಡತದಲ್ಲಿ ಎಲ್ಲೆಲ್ಲಿ ಹೊಂದುತ್ತವೆಂದು ಹುಡುಕಿ, ಹೊಂದದ ಭಾಗವನ್ನಷ್ಟೇ ರವಾನಿಸುತ್ತದೆ. ಆದರೆ ಕಡತದ ಆರಂಭದಲ್ಲೇ ಒಂದಕ್ಷರ ಸೇರಿದರೆ ತುಂಡುಗಳೆಲ್ಲ ಒಂದು ಮನೆ ಸರಿದುಬಿಡುತ್ತವಲ್ಲ? ಆದ್ದರಿಂದ ಒಂದೊಂದೇ ಬೈಟ್ ಮುಂದೆ ಸರಿಯುತ್ತ ಹುಡುಕಬೇಕು. ಪ್ರತಿ ಹೆಜ್ಜೆಗೂ ಹೊಸದಾಗಿ ಲೆಕ್ಕಹಾಕುತ್ತ ಕುಳಿತರೆ ಬೆಳಗಾದೀತು. ಬಸ್ಸಿನಿಂದ ಒಬ್ಬ ಇಳಿದು ಇನ್ನೊಬ್ಬ ಹತ್ತಿದರೆ ಕಂಡಕ್ಟರು ಎಲ್ಲರ ತಲೆ ಮತ್ತೆ ಎಣಿಸುತ್ತಾನೆಯೆ? ಒಬ್ಬನನ್ನು ಕಳೆದು ಒಬ್ಬನನ್ನು ಕೂಡುತ್ತಾನೆ, ಅಷ್ಟೆ. ಆರ್‌ಸಿಂಕ್ ಕೂಡ ಹಿಂದಿನ ಬೈಟನ್ನು ಕಳೆದು ಮುಂದಿನದನ್ನು ಕೂಡಿಕೊಳ್ಳುತ್ತದೆ. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು.

ಆದರೆ ಆರ್‌ಸಿಂಕ್ ಕರೆದಾಗ ಮಾತ್ರ ಬರುವ ಆಳು. ಯಾವಾಗ ಕರೆಯಬೇಕು? 2005ರಲ್ಲಿ ಲಿನಕ್ಸ್ 2.6.13ರಲ್ಲಿ ಸೇರಿದ 'ಐನೋಟಿಫೈ' ಎಂಬ ಸೌಲಭ್ಯ, ಕಡತವೊಂದು ಬದಲಾದೊಡನೆ ಆ ಸುದ್ದಿ ಕೊಡುತ್ತದೆ. 'ಎಲ್‌ಸಿಂಕ್‌ಡಿ' ಎಂಬ ತಂತ್ರಾಂಶ ಈ ಸುದ್ದಿಗಳನ್ನು ಒಟ್ಟುಗೂಡಿಸಿ, ನಾವು ಬೇರೆ ಹೇಳದಿದ್ದರೆ ಸುಮಾರು 15 ಸೆಕೆಂಡಿನಲ್ಲಿ ಆರ್‌ಸಿಂಕನ್ನು ಓಡಿಸುತ್ತದೆ. ತಕ್ಷಣ ಎನ್ನುವಂತಿಲ್ಲ, ಬಹುಮಟ್ಟಿಗೆ ತಕ್ಷಣ. ಐನೋಟಿಫೈಗೆ ಒಂದೊಂದು ಫೋಲ್ಡರಿಗೂ ಬೇರೆ ಬೇರೆ ಕಾವಲು ಹಾಕಬೇಕು, ಕಾವಲುಗಳ ಸಂಖ್ಯೆಗೂ ಮಿತಿಯುಂಟು. ಫೋಲ್ಡರುಗಳು ಹೆಚ್ಚಿದ್ದಲ್ಲಿ ಈ ಮಿತಿಯನ್ನು ಮೊದಲೇ ಏರಿಸಿಕೊಳ್ಳತಕ್ಕದ್ದು.

ಈ ಏರ್ಪಾಡು ಒಮ್ಮುಖದ್ದು. ಎರಡೂ ಸರ್ವರುಗಳಲ್ಲಿ ಒಂದೇ ಕಡತವನ್ನು ತಿದ್ದಿದರೆ ಒಬ್ಬರ ಕೆಲಸ ಅಳಿಸಿಹೋಗುತ್ತದೆ. ಅಂಥಲ್ಲಿ 'ಯುನಿಸನ್' ಎಂಬ ತಂತ್ರಾಂಶ ಮೇಲು. ತಕರಾರು ಕಂಡರೆ ಅದು ನಮ್ಮನ್ನೇ ಕೇಳುತ್ತದೆ.

ನನಗೆ ಹೆಚ್ಚು ಕಳವಳ ಹುಟ್ಟಿಸುವುದು ಬೇರೆಯೇ. 'ಎರಡು ಕಡೆ ಇದೆಯಲ್ಲ, ಭದ್ರ' ಎಂದು ಅನೇಕರು ನೆಮ್ಮದಿಯಿಂದಿರುತ್ತಾರೆ. ಮೊದಲ ಸರ್ವರಿನಲ್ಲಿ ಕಡತವೊಂದನ್ನು ಯಾರೋ ಕೈತಪ್ಪಿ ಅಳಿಸಿದರೆ, ಎಲ್‌ಸಿಂಕ್‌ಡಿ ಅದೇ 15 ಸೆಕೆಂಡಿನಲ್ಲಿ ಎರಡನೆಯದರಲ್ಲೂ ಶ್ರದ್ಧೆಯಿಂದ ಅಳಿಸುತ್ತದೆ! ವರ್ಷವಿಡೀ ದುಡಿದ ಪ್ರಾಜೆಕ್ಟ್ ವರದಿಗೂ ಇದೇ ಗತಿ. ಆದ್ದರಿಂದ ದಿನಾಂಕ ಹಾಕಿದ ಹಳೆಯ ಪ್ರತಿಗಳನ್ನು ಈ ಏರ್ಪಾಡಿನ ಹೊರಗೆ, ಬೇರೆ ಡಿಸ್ಕಿನಲ್ಲಿ ಇಡಬೇಕು.

ಮನೆಯಲ್ಲಿ ಲಿನಕ್ಸ್ ಇರುವ ಎರಡು ಹಳೆಯ ಕಂಪ್ಯೂಟರುಗಳಿದ್ದರೆ ಇದನ್ನೆಲ್ಲ ಪ್ರಯೋಗಿಸಬಹುದು. ಆರ್‌ಸಿಂಕಿನಲ್ಲಿ 'ಡ್ರೈ ರನ್' ಎಂಬ ಆಯ್ಕೆಯಿದೆ. ಅದು ಏನನ್ನೂ ಮುಟ್ಟದೆ, ಏನೇನು ಆಗುತ್ತಿತ್ತೆಂದು ಮಾತ್ರ ತಿಳಿಸುತ್ತದೆ. ಮೊದಲು ಅದನ್ನೇ ಬಳಸಿ.