ಮೊದಲ ಕಪ್ ಯಾರದು?

2016ರ ಐಪಿಎಲ್ ಫೈನಲ್‌ನಲ್ಲಿ ಆರ್‌ಸಿಬಿ ಎಂಟು ರನ್ನುಗಳಿಂದ ಸೋತ ರಾತ್ರಿ, ಮಿರ್ಲೆಯ ನಮ್ಮ ಮನೆಯಲ್ಲಿ ಗಂಡಸರು ಊಟ ಮಾಡಲಿಲ್ಲ. ತೊಳೆಸಿದ ಮುದ್ದೆ ಹಾಗೇ ಉಳಿಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ತಂಡ ಗೆದ್ದಾಗ, 'ಹದಿನೆಂಟು ವರ್ಷಕ್ಕೆ ಮೊದಲ ಕಪ್ ಬಂತು' ಎಂದು ಬೀದಿಯಲ್ಲಿ ಪಟಾಕಿ ಹಚ್ಚಿದರು. ನನ್ನ ಕಣ್ಣೂ ತುಂಬಿತು, ಸುಳ್ಳು ಹೇಳಲಾರೆ.

ಆದರೆ 'ಮೊದಲ' ಎನ್ನುವುದು ಯಾವ ನ್ಯಾಯ? 2024ರ ಮಾರ್ಚ್ 17ರಂದೇ ದೆಹಲಿಯಲ್ಲಿ, ಸ್ಮೃತಿ ಮಂದಾನ ನಾಯಕಿಯಾಗಿದ್ದ ಆರ್‌ಸಿಬಿಯ ಹೆಣ್ಣುಮಕ್ಕಳು ಮಹಿಳಾ ಲೀಗಿನ ಕಪ್ ಗೆದ್ದಿರಲಿಲ್ಲವೇ? ನಮ್ಮ ಶ್ರೇಯಾಂಕಾ ಪಾಟೀಲ್ ಅಂದು ನಾಲ್ಕು ವಿಕೆಟ್ ಕಿತ್ತಿರಲಿಲ್ಲವೇ? ಆ ರಾತ್ರಿ ನಮ್ಮ ಬೀದಿಯಲ್ಲಿ ಒಂದು ಪಟಾಕಿಯೂ ಸಿಡಿಯಲಿಲ್ಲ. ಮಗಳು ತಂದದ್ದು ಲೆಕ್ಕಕ್ಕಿಲ್ಲ, ಮಗ ತಂದರೆ ಹಬ್ಬ!

ಅಕ್ಕತಂಗಿಯರೇ, ಮನೆಯ ಹುಡುಗರು 'ಮೊದಲ ಕಪ್' ಎಂದಾಗ ಸುಮ್ಮನಿರಬೇಡಿ. ಅದು ಎರಡನೆಯದು ಎಂದು ಹೇಳಿ.