ಗೆದ್ದವರ ಹೆಸರು ಬರೆದಿಡದ ಊರಿಗೆ ಇತಿಹಾಸ ಎಲ್ಲಿಂದ ಬರಬೇಕು?

"ನಿಮ್ಮ ಕಡೆ ರೇಸಿಂಗ್ ಗೀಸಿಂಗ್ ಎಲ್ಲಾ ಇದೆಯಾ?" ಅಂತ ಬೆಂಗಳೂರಿನ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಸಾಕು, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮಂಥವರು ಎದೆ ಉಬ್ಬಿಸಿ ಹೇಳ್ತೀವಿ: "ಅದ ಏನ್ರೀ? ಜಾತ್ರಿಗೊಂದು ಶರ್ಯತ್ತು ಅದ ನಮ್ಮಲ್ಲಿ!" ಸರಿ. ಆದ್ರೆ ಅದರ ಮುಂದಿನ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇಲ್ಲ. "ಹೌದಾ, ಹತ್ತು ವರ್ಷದ ಹಿಂದೆ ಯಾರು ಗೆದ್ದಿದ್ರು? ಎಷ್ಟು ನಿಮಿಷದಲ್ಲಿ?"

ಮೌನ.

ಈ ಪೋಸ್ಟು ಆ ಮೌನದ ಮೇಲಿನ ಸಿಟ್ಟು. ನಮ್ಮನ್ನು ಹಳ್ಳಿಯವರು ಅಂತ ಆಡಿಕೊಳ್ಳುವ ಪೇಟೆಯವರ ಮೇಲಲ್ಲ, ನಮ್ಮ ಮೇಲೆಯೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಕಡೆ ಜಾತ್ರೆ ಅಂದ್ರೆ ತೇರು, ನಾಟಕ, ಕುಸ್ತಿ, ಜೊತೆಗೆ ಶರ್ಯತ್ತು. ಜೋಡೆತ್ತಿನ ಗಾಡಿ, ಜೋಡು ಕುದುರೆ ಗಾಡಿ, ಒಂದು ಎತ್ತು ಒಂದು ಕುದುರೆ ಕಟ್ಟಿದ ಗಾಡಿ, ಸೈಕಲ್ಲು, ಹೀಗೆ ಪಟ್ಟಿ ಉದ್ದ ಇದೆ. ಮೋಟಾರ್ ಸೈಕಲ್ಲಿಗೆ ಇಲ್ಲಿ ಎರಡು ಪಾತ್ರ. ಒಂದು, ಬಹುಮಾನ. ದೊಡ್ಡ ಶರ್ಯತ್ತಿನಲ್ಲಿ ಗೆದ್ದವರಿಗೆ ಹೊಸ ಬೈಕು ಕೊಡುವುದು ಈಗ ಸಾಮಾನ್ಯ. ಎರಡು, ಹಿಂಬಾಲಕ. ಗಾಡಿಗಳ ಹಿಂದೆ, ಪಕ್ಕದಲ್ಲಿ ಹುಡುಗರು ಬೈಕಿನಲ್ಲಿ ಮೂರು ಮೂರು ಜನ ಕೂತು, ಹೆಲ್ಮೆಟ್ ಇಲ್ಲದೆ, ಕೂಗುತ್ತಾ, ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಾ ಧೂಳಿನಲ್ಲಿ ನುಗ್ತಾರೆ. ನಿಜ ಹೇಳಬೇಕಂದ್ರೆ ಅಲ್ಲಿ ನಡೆಯುವುದು ಎರಡು ರೇಸು. ಒಂದಕ್ಕೆ ಬಹುಮಾನ ಇದೆ. ಇನ್ನೊಂದು ಯಾರೂ ಒಪ್ಪಿಕೊಳ್ಳದ ಮೋಟಾರ್ ಸೈಕಲ್ ರೇಸು. ಅದಕ್ಕೆ ನಿಯಮ ಇಲ್ಲ, ಟ್ರ್ಯಾಕ್ ಇಲ್ಲ, ಅಂಪೈರ್ ಇಲ್ಲ. ಬಿದ್ದವನಿಗೆ ಆಂಬುಲೆನ್ಸೂ ಇಲ್ಲ.

ಈಗ ಇದನ್ನೇ ಇನ್ನೊಂದು ದೇಶ ಹೇಗೆ ಮಾಡಿತು ನೋಡಿ.

ಸ್ಪೀಡ್‌ವೇ ಅಂತ ಒಂದು ಮೋಟಾರ್ ಸೈಕಲ್ ರೇಸು ಇದೆ. ಮೊಟ್ಟೆ ಆಕಾರದ ಮಣ್ಣಿನ ಟ್ರ್ಯಾಕು. ನಾಲ್ಕು ಜನ ಸವಾರರು, ನಾಲ್ಕು ಸುತ್ತು. 500 ಸಿಸಿ ಬೈಕು, ಒಂದೇ ಗೇರು, ಪೆಟ್ರೋಲ್ ಬದಲು ಮೆಥನಾಲ್, ಮತ್ತು ಬ್ರೇಕು ಇಲ್ಲವೇ ಇಲ್ಲ! ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿಕೊಂಡೇ ತಿರುಗಬೇಕು. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಧೂಳಿನಲ್ಲಿ ಗುರುತು ಸಿಗಲಿ ಅಂತ ಹೆಲ್ಮೆಟ್ಟಿಗೆ ಕೆಂಪು, ನೀಲಿ, ಬಿಳಿ, ಹಳದಿ ಬಣ್ಣ. ಇಷ್ಟೇ ಆಟ.

ಇದು ಹುಟ್ಟಿದ್ದು ಎಲ್ಲಿ ಗೊತ್ತಾ? ದೊಡ್ಡ ಸಿಟಿಯಲ್ಲಲ್ಲ. ಸಾಮಾನ್ಯವಾಗಿ ಹೇಳುವ ಹುಟ್ಟುದಿನ 1923ರ ಡಿಸೆಂಬರ್ 15. ಜಾಗ ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲೆಂಡ್ ಅನ್ನುವ ಊರಿನ ಕೃಷಿ ಪ್ರದರ್ಶನದ ಮೈದಾನ. ರೈತರು ದನ ಕುರಿ ತಂದು ತೋರಿಸುವ ಜಾಗ, ಅಂದ್ರೆ ಹೆಚ್ಚೂ ಕಮ್ಮಿ ನಮ್ಮ ಜಾತ್ರೆ! ಅದರ ಸಂಘಟಕ ಜಾನಿ ಹಾಸ್ಕಿನ್ಸ್ ರಾತ್ರಿ ಲೈಟು ಹಾಕಿಸಿ ಮೋಟಾರ್ ಸೈಕಲ್ ಓಡಿಸಿದ. 1928ರ ಫೆಬ್ರವರಿ 19ರಂದು ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ ಓಟ ಇಟ್ಟಾಗ ಸಂಘಟಕರು ಊಹಿಸಿದ್ದಕ್ಕಿಂತ ಎಷ್ಟೋ ಪಟ್ಟು ಜನ ಬಂದುಬಿಟ್ಟರು. ಟ್ರ್ಯಾಕಿನ ಒಳಗೂ ಜನ, ಹೊರಗೂ ಜನ, ನಡುವೆ ಒಂದು ಹಗ್ಗ. ನೋಡಿದವರಿಗೆ ಥೇಟ್ ನಮ್ಮ ಶರ್ಯತ್ತಿನ ಸಾಲೇ ನೆನಪಾಗಬೇಕು :)

ಇಲ್ಲಿಂದ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಅವರು ಮರುವರ್ಷವೇ, 1929ರಲ್ಲಿ, ಊರೂರಿನ ತಂಡ ಕಟ್ಟಿ ಲೀಗ್ ಶುರು ಮಾಡಿದರು. ಬೇಲಿ ಹಾಕಿದರು. ರೆಫರಿ ಬಂದ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರೇಕ್ಷಕರ ಕೈಯಲ್ಲಿ ಒಂದು ಪುಸ್ತಿಕೆ ಇರುತ್ತಿತ್ತು. ಯಾವ ಓಟದಲ್ಲಿ ಯಾರು, ಎಷ್ಟನೇ ಜಾಗ, ಎಷ್ಟು ಸೆಕೆಂಡು, ಎಲ್ಲ ಪೆನ್ಸಿಲಿನಲ್ಲಿ ತುಂಬಿಸಿಕೊಳ್ಳುವುದು. ಸಾಮಾನ್ಯ ಕೂಲಿ ಕೆಲಸದವರು ಬರೆದಿಟ್ಟ ಲೆಕ್ಕ ಅದು.

ಇದರ ಬೆಲೆ ಏನು ಅಂತ ಒಂದು ಉದಾಹರಣೆ ಕೊಡ್ತೀನಿ. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಫೈನಲ್ ನಡೆಯಿತು. ಬ್ಲೂಯಿ ವಿಲ್ಕಿನ್ಸನ್ ಅವತ್ತು ಓಡಿದ ಐದೂ ಓಟ ಗೆದ್ದ. ಆದರೂ ಚಾಂಪಿಯನ್ ಆಗಲಿಲ್ಲ! ಹಿಂದಿನ ಸುತ್ತುಗಳ ಬೋನಸ್ ಅಂಕ ಸೇರಿಸಿದಾಗ ಲಯನೆಲ್ ವಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ಸಮ ಸಮ ನಿಂತರು. ಇಬ್ಬರ ನಡುವೆ ಮತ್ತೊಂದು ಓಟ ಇಟ್ಟರು, ವಾನ್ ಪ್ರಾಗ್ ಗೆದ್ದ. ವಿಲ್ಕಿನ್ಸನ್ ಎರಡು ವರ್ಷ ಕಾದು 1938ರಲ್ಲಿ ಪಟ್ಟ ಪಡೆದ. ಸುಮಾರು ತೊಂಬತ್ತು ವರ್ಷದ ಹಿಂದೆ ಒಬ್ಬನಿಗೆ ಆದ ಅನ್ಯಾಯ, ಗೋಕಾಕ ಕಡೆಯ ಒಬ್ಬ ಸಾಫ್ಟ್‌ವೇರ್ ಹುಡುಗನಿಗೆ ಇವತ್ತು ಗೊತ್ತು. ಯಾಕೆ? ಯಾರೋ ಬರೆದಿಟ್ಟರು. ನಮ್ಮ ಕಡೆ ಹೋದ ವರ್ಷದ ಶರ್ಯತ್ತಿನಲ್ಲಿ ಕೂದಲೆಳೆಯಲ್ಲಿ ಸೋತವನ ಹೆಸರು ಯಾರಿಗೆ ಗೊತ್ತು ಹೇಳಿ?

"ಅದು ಬಿಳಿಯರ ಆಟ, ದುಡ್ಡಿದ್ದವರ ಆಟ, ನಮಗ್ಯಾಕೆ?" ಅನ್ನೋ ವಾದ ಬರುತ್ತೆ. ಸುಳ್ಳು. ಇವತ್ತು ಸ್ಪೀಡ್‌ವೇಗೆ ಹುಚ್ಚೆದ್ದು ಸೇರುವ ದೇಶ ಪೋಲಂಡ್. ಅಲ್ಲಿ ಲೆಷ್ನೊ ಅಂತ ಒಂದು ಊರು, ನಮ್ಮ ಗೋಕಾಕಕ್ಕಿಂತ ದೊಡ್ಡದೇನಲ್ಲ. ಅಲ್ಲಿನ ಉನಿಯಾ ತಂಡ 1938ರದ್ದು. ಆ ಊರಿನ ಸ್ಟೇಡಿಯಂಗೆ ಆಲ್ಫ್ರೆಡ್ ಸ್ಮೋಚಿಕ್ ಎಂಬ ಸವಾರನ ಹೆಸರು. 1949ರಲ್ಲಿ ಪೋಲಂಡಿನ ಚಾಂಪಿಯನ್ ಆಗಿದ್ದವನು, ಮರುವರ್ಷ ರಸ್ತೆ ಅಪಘಾತದಲ್ಲಿ ತೀರಿಹೋದ. ಗಮನಿಸಿ: ಬ್ರೇಕ್ ಇಲ್ಲದ ಬೈಕಿನಲ್ಲಿ ಟ್ರ್ಯಾಕಿನ ಮೇಲೆ ಗೆದ್ದು ಬಂದವನನ್ನು ರಸ್ತೆ ಕೊಂದಿತು. ಬೈಕಿನಲ್ಲಿ ಗಾಡಿಯ ಹಿಂದೆ ಓಡುವ ನಮ್ಮ ಹುಡುಗರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ?

ಇನ್ನೂ ಹತ್ತಿರ ಬರೋಣ. ಸ್ಪೀಡ್‌ವೇ ಲೋಕದಲ್ಲಿ ದಶಕಗಟ್ಟಲೆ ರಾಜನಾಗಿ ಮೆರೆದ ಎಂಜಿನ್ ಯಾವುದು? ಜಾವಾ! ಚೆಕೊಸ್ಲೊವಾಕಿಯಾದ ದಿವಿಶೋವ್‌ನಲ್ಲಿದ್ದ ಎಸೊ ಅನ್ನೋ ರೇಸ್ ಬೈಕ್ ಕಾರ್ಖಾನೆ 1964ರಲ್ಲಿ ಜಾವಾದೊಳಗೆ ಸೇರಿತು. ಅದೇ ಹೊತ್ತಿನಲ್ಲಿ, 1961ರಿಂದ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದೇ ಹೆಸರಿನ ಬೈಕು ತಯಾರಾಗುತ್ತಿತ್ತು. ಆಮೇಲೆ ಯೆಜ್ದಿ ಆಯಿತು, 1996ರಲ್ಲಿ ಬಾಗಿಲು ಹಾಕಿತು. ನಮ್ಮ ಅಪ್ಪ, ಕಾಕಾಗಳ ಕಾಲದಲ್ಲಿ ಕಬ್ಬಿನ ಗದ್ದೆಗೆ ಹೋಗುತ್ತಿದ್ದದ್ದು ಇದೇ ಯೆಜ್ದಿ ಮೇಲೆ. ಹೆಸರು ಮನೆ ಬಾಗಿಲಿಗೆ ಬಂದಿತ್ತು, ಆಟ ಮಾತ್ರ ಬರಲಿಲ್ಲ. ಟ್ರ್ಯಾಕು ಯಾರು ಮಾಡಬೇಕಿತ್ತು? ನಾವೇ ಅಲ್ವಾ?

ಕರ್ನಾಟಕದವರಿಗೆ ಬೈಕು ಓಡಿಸಲು ಬರೋದಿಲ್ಲ ಅಂತೇನಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಓಡಿದ ಮೊದಲ ಭಾರತೀಯ, 36ನೇ ಜಾಗದಲ್ಲಿ ಮುಗಿಸಿದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಇವರ ಹೆಸರು ಯಾಕೆ ಉಳಿಯುತ್ತೆ? ಅವರು ಓಡಿದ ಕಡೆ ಫಲಿತಾಂಶ ಬರೆಯುವ ಸಂಸ್ಥೆ ಇತ್ತು. ಹುಕ್ಕೇರಿಯ ಹುಡುಗನಿಗೆ ಕೈಯಲ್ಲಿ ಅಷ್ಟೇ ಕಸುವು ಇದ್ದರೂ ಅವನು ಓಡಿದ ಕಡೆ ಇದ್ದದ್ದು ಧೂಳು ಮಾತ್ರ.

ಈಗ ನಮ್ಮವರ ಬ್ರಹ್ಮಾಸ್ತ್ರ: "ಇದು ಪರಂಪರೆ ರೀ, ಇದಕ್ಕೆ ಲೆಕ್ಕ ಪತ್ರ ಯಾಕೆ?"

ಸ್ವಾಮಿ, ಪರಂಪರೆ ಅಂತ ಬಾಯಲ್ಲಿ ಹೇಳಿದರೆ ಕೋರ್ಟು ಸುಮ್ಮನಿರಲಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಕ್ಕೆ ತಡೆ ಹಾಕಿತು. 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಅವತ್ತು ಪಟಾಕಿ ಹೊಡೆದವರು ಒಂದು ಮಾತು ಮರೆತರು. ಅನುಮತಿ ಸಿಕ್ಕಿದ್ದು ಓಟಕ್ಕೆ, ಹಿಂಸೆಗಲ್ಲ. ಹಿಂಸೆ ಆಗಿಲ್ಲ ಅಂತ ತೋರಿಸೋದು ಹೇಗೆ? ಎಷ್ಟು ದೂರ ಓಡಿಸಿದಿರಿ, ಒಂದೇ ಜೋಡಿಯನ್ನು ದಿನಕ್ಕೆ ಎಷ್ಟು ಸಲ ಕಟ್ಟಿದಿರಿ, ಪಶು ವೈದ್ಯರು ನೋಡಿದರಾ, ಎಲ್ಲದಕ್ಕೂ ಬರಹ ಬೇಕು. ಜಾವಾ ಎಂಜಿನ್ನಿಗೆ ನೋವಾಗಲ್ಲ, ಎತ್ತಿಗೆ ಆಗುತ್ತೆ. ಹಾಗಾಗಿ ಸ್ಪೀಡ್‌ವೇಗಿಂತ ನಮಗೇ ಹೆಚ್ಚು ಲೆಕ್ಕ ಬೇಕಿತ್ತು.

ಮತ್ತೆ, ನಾವು ಬರೆಯೋದೇ ಇಲ್ಲದ ಜನ ಅಂತಾನೂ ಅಲ್ಲ! ಹಾಲಿನ ಡೈರಿಯಲ್ಲಿ ದಿನಾ ಫ್ಯಾಟ್ ಎಷ್ಟು ಅಂತ ಬರೆಸ್ತೀವಿ. ಸಕ್ಕರೆ ಕಾರ್ಖಾನೆಯ ತೂಕದ ಚೀಟಿ ಜೋಪಾನವಾಗಿ ಇಡ್ತೀವಿ. ಗುಡಿಗೆ 501 ರೂಪಾಯಿ ಕೊಟ್ಟವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸ್ತೀವಿ. ಶರ್ಯತ್ತಿನ ಹ್ಯಾಂಡ್‌ಬಿಲ್ಲು ನೋಡಿ: ಬಹುಮಾನ ಕೊಡುವವರ ಹೆಸರು, ಮುಖಂಡರ ಫೋಟೋ, ಉದ್ಘಾಟಕರು, ಮುಖ್ಯ ಅತಿಥಿಗಳು. ಗೆದ್ದವರಿಗೆ ಮಾತ್ರ ಎಲ್ಲೂ ಜಾಗ ಇಲ್ಲ. ದುಡ್ಡು ಕೊಟ್ಟವನಿಗೆ ಶಿಲಾಶಾಸನ, ಓಡಿದವನಿಗೆ ಧೂಳು. ಇದನ್ನು ಪರಂಪರೆ ಅಂತ ಕರೆಯೋಕೆ ನನಗೆ ನಾಚಿಕೆ ಆಗುತ್ತೆ.

ಸರಿ, ಬರೀ ಬೈದರೆ ಆಯ್ತಾ? ಇಂಜಿನಿಯರ್ ತಲೆಗೆ ಹೊಳೆಯುವ ಸರಳ ಲೆಕ್ಕ ಹೀಗಿದೆ.

1. ಎರಡು ಟೈಮು ಹೋಲಿಸಬೇಕಂದ್ರೆ ದೂರ ಒಂದೇ ಇರಬೇಕು. "ಈ ಊರಿನ ಅಗಸಿಯಿಂದ ಆ ಹಳ್ಳದ ತನಕ" ಅನ್ನೋದು ದೂರ ಅಲ್ಲ. ಆದ್ದರಿಂದ ಮೊದಲು ಬೇಕಾದ್ದು ಅಳತೆ ಮಾಡಿದ, ಬೇಲಿ ಹಾಕಿದ, ರಸ್ತೆಯಿಂದ ದೂರ ಇರುವ ಒಂದು ಖಾಯಂ ಅಂಗಳ.

2. ಗಾಡಿ ಓಡುವಾಗ ಬೈಕು ಒಳಗೆ ಬಂದರೆ ಆ ಓಟ ರದ್ದು. ಅಷ್ಟೇ. ಹುಡುಗರಿಗೆ ಬೈಕು ಓಡಿಸೋ ಹುಚ್ಚು ಇದ್ದರೆ ಅದೇ ಅಂಗಳದಲ್ಲಿ ಬೇರೆ ದಿನ, ಹೆಲ್ಮೆಟ್ ಹಾಕಿ, ನಾಲ್ಕು ನಾಲ್ಕು ಜನ ಓಡಲಿ. ಮಣ್ಣಿನ ಟ್ರ್ಯಾಕಿಗೆ ಡಾಂಬರಿನ ಖರ್ಚೂ ಇಲ್ಲ.

3. ಪ್ರತಿ ಶರ್ಯತ್ತಿಗೆ ಒಂದು ಹಾಳೆ. ದಿನಾಂಕ, ದೂರ, ಓಡಿದವರೆಲ್ಲರ ಹೆಸರು, ಟೈಮು. ಸೋತವರದ್ದೂ ಸೇರಿಸಿ.

"ಇದನ್ನೆಲ್ಲ ಸರ್ಕಾರ ಮಾಡಬೇಕು" ಅನ್ನಬೇಡಿ. ಹುಕ್ಕೇರಿಯ ಜನ 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ತಾವೇ ಕರೆಂಟು ಹಂಚಲು ಹೊರಟವರು. ಗೋಕಾಕದ ಮಿಲ್ಲು 19ನೇ ಶತಮಾನದಲ್ಲೇ ಘಟಪ್ರಭೆಯ ನೀರಿನ ಬಲದಿಂದ ಓಡಿತ್ತು. ಕರೆಂಟು ಹಂಚಿದ ಊರಿಗೆ ಒಂದು ಮಣ್ಣಿನ ಅಂಗಳ, ಒಂದು ನೋಟ್‌ಬುಕ್ಕು ಹೆಚ್ಚಾಯ್ತಾ?

ಗೆಳೆಯ ಬ್ಲಾಗಿಗರೇ, ನಿಮಗೂ ಒಂದು ಮಾತು. ಊರಿನ ಜಾತ್ರೆಗೆ ಹೋಗಿ ಬಂದು "ಎಂಥಾ ಸಂಭ್ರಮ, ಎಂಥಾ ಮಣ್ಣಿನ ವಾಸನೆ" ಅಂತ ಬರೆಯೋದನ್ನ ಸ್ವಲ್ಪ ನಿಲ್ಲಿಸಿ. ಮಣ್ಣಿನ ವಾಸನೆ ಸಾಕಷ್ಟು ಆಗಿದೆ :) ಅದರ ಬದಲು ಯಾರು ಗೆದ್ದರು, ಎತ್ತಿನ ಹೆಸರೇನು, ಗಾಡಿ ಹೊಡೆದವನು ಯಾರು, ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿ ಬರೆಯಿರಿ. ಹಳೇ ಸವಾರರು ಇನ್ನೂ ಕಟ್ಟೆ ಮೇಲೆ ಕೂತಿದ್ದಾರೆ, ಅವರಿಗೆ ಎಲ್ಲಾ ನೆನಪಿದೆ. ಅವರು ಹೋದ ಮೇಲೆ ಯಾವ ಸರ್ಚ್ ಎಂಜಿನ್ನಿನಲ್ಲಿ ಹುಡುಕಿದರೂ ಸಿಗೋದಿಲ್ಲ.

ಇತಿಹಾಸ ಇಲ್ಲ ಅಂತ ಗೋಳಾಡೋದು ಬೇಡ. ಈ ವರ್ಷದ ಶರ್ಯತ್ತಿನ ಹಾಳೆ ಈ ವರ್ಷವೇ ಬರೆದರೆ ಸಾಕು, ಹತ್ತು ವರ್ಷಕ್ಕೆ ಅದೇ ಇತಿಹಾಸ ಆಗುತ್ತೆ. ನಿಮ್ಮೂರ ಶರ್ಯತ್ತಿನ ಒಂದಾದ್ರೂ ಫಲಿತಾಂಶ ನೆನಪಿದ್ದರೆ ಕೆಳಗೆ ಕಾಮೆಂಟಿನಲ್ಲಿ ಹಾಕಿ. ವರ್ಷ, ಊರು, ಹೆಸರು. ಅಲ್ಲಿಂದಲೇ ಶುರು ಮಾಡೋಣ. ಏನಂತೀರಾ?