ಬೇಲಿ ಹಾಕಿದರೆ ಪ್ರಾಯಶ್ಚಿತ್ತವಾದೀತೇ?

ಪಾಪನಿವೇದನೆಗೆ ಪಶ್ಚಾತ್ತಾಪವೊಂದೇ ಸಾಲದು. ಬಾಯಿಬಿಟ್ಟು ಅರಿಕೆ ಮಾಡಬೇಕು, ಮಾಡಿದ ಹಾನಿಯನ್ನು ಕೈಲಾದಮಟ್ಟಿಗೆ ಸರಿಪಡಿಸಬೇಕು ಎಂದು ಮಕ್ಕಳಿಗೆ ಧರ್ಮೋಪದೇಶದಲ್ಲಿ ಕಲಿಸುತ್ತೇವೆ. ವ್ಯಕ್ತಿಗೆ ಸಲ್ಲುವ ಈ ನಿಯಮ ಕಾರ್ಖಾನೆಗೆ, ಸರ್ಕಾರಕ್ಕೆ ಸಲ್ಲದೆಂದು ಹೇಳಿದವರಾರು?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಲಾಕ್‌ಪೋರ್ಟ್ ಎಂಬ ಪಟ್ಟಣವಿದೆ. ಅಲ್ಲಿ ಗರಗಸದ ಉಕ್ಕನ್ನು ತಯಾರಿಸುತ್ತಿದ್ದ ಸೈಮಂಡ್ಸ್ ಕಾರ್ಖಾನೆಯು 1948ರಿಂದ 1956ರವರೆಗೆ ಸರ್ಕಾರದ ಅಣುಶಕ್ತಿ ಆಯೋಗಕ್ಕಾಗಿ ಹತ್ತು ಸಾವಿರ ಟನ್ನಿಗೂ ಅಧಿಕ ಯುರೇನಿಯಂ ಲೋಹವನ್ನು ಕಾಯಿಸಿ, ಉರುಳೆಗಳ ನಡುವೆ ಹಾಯಿಸಿ ಸರಳುಗಳನ್ನಾಗಿ ಮಾಡಿಕೊಟ್ಟಿತು. ಅವು ಅಣುಬಾಂಬಿಗೆ ಬೇಕಾದ ಪ್ಲುಟೋನಿಯಂ ತಯಾರಿಕೆಗೆ ಹೋದವು. ಉದುರಿದ ಹುಡಿಯೋ ನೆಲದಲ್ಲಿ, ತೊಲೆಗಳ ಮೇಲೆ, ಕಾರ್ಮಿಕರ ಉಸಿರಿನಲ್ಲಿ ಉಳಿಯಿತು. ಸರ್ಕಾರದ ಪರೀಕ್ಷಕರು ಗಾಳಿಯ ಧೂಳನ್ನು ಅಳೆದರು. ಆದರೆ ಆ ಕೆಲಸದ ಮೇಲೆ ರಾಷ್ಟ್ರರಹಸ್ಯದ ಪರದೆ ಬಿದ್ದಿತ್ತು.

ಇಂಥ ಸ್ಥಳಗಳನ್ನು ಗುರುತಿಸಿ ಶುದ್ಧಿಗೊಳಿಸುವ ಯೋಜನೆ ಆರಂಭವಾದದ್ದು 1974ರಲ್ಲಿ. ಕಾರ್ಖಾನೆಯನ್ನು ಕೊಂಡಿದ್ದ ಗುಟರ್ಲ್ ಸಂಸ್ಥೆ 1982ರಲ್ಲಿ ದಿವಾಳಿಯಾಯಿತು. 1997ರಲ್ಲಿ ಆ ಯೋಜನೆ ಸೇನೆಯ ಎಂಜಿನಿಯರ್ ದಳದ ಪಾಲಿಗೆ ಬಂತು. ರೋಗಪೀಡಿತ ಕಾರ್ಮಿಕರ ಪರಿಹಾರಕ್ಕೆ ಕಾನೂನು ಬಂದದ್ದು 2000ದಲ್ಲಿ. ಕೆಲಸ ನಿಂತು ಅರ್ಧ ಶತಮಾನ ಕಳೆದರೂ ಯುರೇನಿಯಂ ಕಟ್ಟಡದಲ್ಲಿ, ಮಣ್ಣಿನಲ್ಲಿ, ಅಂತರ್ಜಲದಲ್ಲಿ ಹಾಗೆಯೇ ಇತ್ತು. ಲಾಭಕ್ಕೆ ಎಂಟು ವರ್ಷ ಸಾಕಾಯಿತು. ಪ್ರಾಯಶ್ಚಿತ್ತಕ್ಕೆ ಐವತ್ತೂ ಸಾಲಲಿಲ್ಲ.

“ವೆಚ್ಚ ದುಬಾರಿ, ಬೇಲಿ ಹಾಕಿ ಬಿಟ್ಟುಬಿಡಿ” ಎನ್ನುವ ಜಾಣರಿದ್ದಾರೆ. ಯುರೇನಿಯಂ ಅರ್ಧದಷ್ಟು ಕ್ಷಯಿಸಲು ಸುಮಾರು 450 ಕೋಟಿ ವರ್ಷ ಬೇಕು. ಅದನ್ನು ತುಕ್ಕು ಹಿಡಿಯುವ ತಂತಿ ಕಾಯಬಲ್ಲುದೇ? “ಮಣ್ಣನ್ನು ಅಗೆದರೂ ಬೇರೆಡೆ ಹೂಳಬೇಕಲ್ಲವೇ?” ಎಂಬುದು ಇನ್ನೊಂದು ವಾದ. ನಿಜ, ವಿಕಿರಣವನ್ನು ಯಾರೂ ಸುಟ್ಟು ಬೂದಿ ಮಾಡಲಾರರು. ಪಾಪಕ್ಕೆ ಕ್ಷಮೆ ದೊರೆತರೂ ಅದರ ಫಲ ಉಳಿಯುತ್ತದೆಂದು ಧರ್ಮಸಭೆ ಬೋಧಿಸುವುದಿಲ್ಲವೇ? ಆ ಮಣ್ಣನ್ನು ಜನರ ಬಾವಿಗಳಿಂದ ದೂರವೊಯ್ದು, ಭದ್ರವಾದ ಗುಂಡಿಯಲ್ಲಿಟ್ಟು, ತಲೆಮಾರುಗಳವರೆಗೆ ಕಾವಲಿರುವುದೇ ಇಲ್ಲಿನ ಪ್ರಾಯಶ್ಚಿತ್ತ. ಹೊಣೆಯನ್ನು ಹೊರುವುದು ಬೇರೆ, ಹೂತು ಮರೆಯುವುದು ಬೇರೆ.

ಇದು ಪರದೇಶದ ಕಥೆಯೆಂದು ಪುಟ ಮಗುಚಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಗೆ ಬಂದದ್ದು ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಯಂತ್ರ. ಅದರೊಳಗಿದ್ದ ಕೋಬಾಲ್ಟ್-60ರ ಅರಿವಿಲ್ಲದೆ ಬಿಚ್ಚಿದ ಬಡವರಲ್ಲಿ ಒಬ್ಬನು ಪ್ರಾಣ ತೆತ್ತನು, ಹಲವರು ನರಳಿದರು. ಅಲ್ಲಿಯೂ ಇಲ್ಲಿಯೂ ಬೆಲೆ ತೆತ್ತವರು ದುಡಿಯುವ ಕೈಗಳೇ.

ಆದುದರಿಂದ, ನಿಮ್ಮ ಮಗನೋ ಮಗಳೋ ದುಡಿಯುವ ಕಾರ್ಖಾನೆಯ ತ್ಯಾಜ್ಯ ಎಲ್ಲಿ ಸೇರುತ್ತದೆಂದು ಕೇಳಿರಿ. ಅದು ಅಧಿಕಪ್ರಸಂಗವಲ್ಲ, ನೆರೆಯವರ ಪ್ರೀತಿ. ಜಕ್ಕಾಯನು ಪ್ರಭುವಿನ ಮುಂದೆ ತನ್ನ ಮನೆಗೆ ಬೇಲಿ ಕಟ್ಟಲಿಲ್ಲ. ವಂಚಿಸಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಆ ಮನೆಗೆ ರಕ್ಷಣೆ ಬಂದದ್ದು ಆಗಲೇ.